ಐಸಿಯು ಖರ್ಚು ಮತ್ತು ಸರ್ಕಾರದ ಆರೋಗ್ಯ ಕಾರ್ಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ತೀವ್ರ ನಿಗಾ ಘಟಕದ ಖರ್ಚನ್ನು ಸರ್ಕಾರದ ಆರೋಗ್ಯ ಯೋಜನೆಗಳು ಹೇಗೆ ಭರಿಸುತ್ತವೆ ಎಂಬ ಬಗ್ಗೆ ಪ್ರಶ್ನೆಗಳನ್ನು ಬರೆದು ಕಳಿಸುವಂತೆ ಈ ಅಂಕಣದಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅನೇಕವು ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಒಳಗಿರುವವರ ಸುದ್ದಿಗಾಗಿ ಕಾಯುತ್ತಲೇ ಬರೆದಂಥವು. ಎಲ್ಲ ಪತ್ರಗಳನ್ನೂ ಪ್ರಕಟಿಸಲು ಸ್ಥಳವಿಲ್ಲದ ಕಾರಣ, ಹಲವರ ಸಂದೇಹವನ್ನು ಒಟ್ಟಿಗೆ ಪರಿಹರಿಸಬಲ್ಲ ಕೆಲವನ್ನು ಆರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ನ್ಯುಮೋನಿಯಾ ಉಲ್ಬಣಿಸಿ ಉಸಿರಾಡಲು ಆಗದಿದ್ದಾಗ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ನಮ್ಮಲ್ಲಿ ಬಿಪಿಎಲ್ ಪಡಿತರ ಚೀಟಿಯೂ ಇದೆ, ಆಯುಷ್ಮಾನ್ ಕಾರ್ಡೂ ಇದೆ. ಆದರೆ ಕೌಂಟರಿನಲ್ಲಿ, ‘ಈ ಕಾರ್ಡು ಆಪರೇಷನ್‌ಗೆ ಮಾತ್ರ, ಐಸಿಯುಗೆ ನಡೆಯುವುದಿಲ್ಲ’ ಎಂದು ಹೇಳಿ 50 ಸಾವಿರ ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಇದು ನಿಜವೇ?
– ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಕೌಂಟರಿನಲ್ಲಿ ಹೇಳಿದ ಆ ಮಾತು ನಿಜವಲ್ಲ. ‘ಆಯುಷ್ಮಾನ್ ಭಾರತ್’ ಯೋಜನೆಯು 2018ರ ಸೆಪ್ಟೆಂಬರ್ 23ರಂದು ದೇಶದಲ್ಲಿ ಆರಂಭವಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಶುರುವಾಗಿದ್ದ ನಮ್ಮ ರಾಜ್ಯದ ‘ಆರೋಗ್ಯ ಕರ್ನಾಟಕ’ವನ್ನು ಅಕ್ಟೋಬರ್ ಕೊನೆಯಲ್ಲಿ ಅದರೊಂದಿಗೆ ಸೇರಿಸಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ದೊರೆಯುವ ಚಿಕಿತ್ಸೆಯಲ್ಲಿ ಶಸ್ತ್ರಚಿಕಿತ್ಸೆಯಷ್ಟೇ ಅಲ್ಲ, ಔಷಧಿಯಿಂದ ಗುಣಪಡಿಸುವ ಕಾಯಿಲೆಗಳೂ ಅವುಗಳಿಗೆ ಬೇಕಾದ ಐಸಿಯು ಆರೈಕೆಯೂ ಸೇರಿವೆ. ಈ 5 ಲಕ್ಷವು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಸಿಗುವುದಿಲ್ಲ, ಕುಟುಂಬದ ಎಲ್ಲರಿಗೂ ಸೇರಿ ಇರುವ ಮೊತ್ತ ಅದು. ಮನೆಯಲ್ಲಿ ಎಷ್ಟು ಮಂದಿ ಇರಬೇಕೆಂಬ ಮಿತಿಯಾಗಲಿ, ಕಾಯಿಲೆ ಮೊದಲೇ ಇದ್ದಿತು ಎಂಬ ಆಕ್ಷೇಪಣೆಯಾಗಲಿ ಈ ಯೋಜನೆಯಲ್ಲಿ ಇಲ್ಲ.

ಹಣ ಪಾವತಿಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಕಟ್ಟಬೇಕಾದುದೇನು, ಕಟ್ಟಬೇಕಾಗಿಲ್ಲದ್ದೇನು ಎಂಬುದು ಅದರ ಮೇಲೆಯೇ ನಿಂತಿದೆ. ನ್ಯುಮೋನಿಯಾ, ನಂಜು, ಹಾವಿನ ಕಡಿತ, ಪಾರ್ಶ್ವವಾಯು ಮುಂತಾದ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲದ ಕಾಯಿಲೆಗಳಿಗೆ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ. ರೋಗಿ ಆ ದಿನ ಯಾವ ಹಾಸಿಗೆಯಲ್ಲಿದ್ದರು ಎಂಬುದರ ಮೇಲೆ ದರ ನಿರ್ಧಾರವಾಗುತ್ತದೆ. ಯೋಜನೆ ಶುರುವಾದಾಗ ರಾಷ್ಟ್ರೀಯ ದರಪಟ್ಟಿಯಲ್ಲಿ ಸಾಮಾನ್ಯ ವಾರ್ಡಿಗೆ ದಿನಕ್ಕೆ 1,800 ರೂಪಾಯಿ, ವಾರ್ಡಿಗೂ ಐಸಿಯುಗೂ ನಡುವಿನ ಹಂತವಾದ ಎಚ್‌ಡಿಯುಗೆ 2,700, ವೆಂಟಿಲೇಟರ್ ಇಲ್ಲದ ಐಸಿಯುಗೆ 3,600 ಮತ್ತು ವೆಂಟಿಲೇಟರ್ ಸಹಿತ ಐಸಿಯುಗೆ 4,500 ರೂಪಾಯಿ ಇದ್ದವು. 2021ರ ಅಕ್ಟೋಬರ್‌ನಲ್ಲಿ ಈ ದರಗಳನ್ನು ಪರಿಷ್ಕರಿಸಿ ಕ್ರಮವಾಗಿ 2,100, 3,300, 8,500 ಮತ್ತು 9,000 ರೂಪಾಯಿಗಳಿಗೆ ಏರಿಸಲಾಯಿತು. ರಾಜ್ಯಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ಈ ಪಟ್ಟಿಯನ್ನು ಬದಲಿಸಿಕೊಳ್ಳಬಹುದಾದ್ದರಿಂದ ನಿಮ್ಮ ಆಸ್ಪತ್ರೆಗೆ ಅನ್ವಯಿಸುವ ನಿಖರ ದರವನ್ನು ಯೋಜನೆಯ ರೋಗಿಗಳಿಗೆ ನೆರವಾಗಲು ಅಲ್ಲಿ ನೇಮಕಗೊಂಡಿರುವ ಆರೋಗ್ಯಮಿತ್ರರಿಂದ ಕೇಳಿ ತಿಳಿದುಕೊಳ್ಳಿ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ತಂದೆಯವರು 5 ದಿನ ವೆಂಟಿಲೇಟರ್ ಮೇಲೆ, 3 ದಿನ ವೆಂಟಿಲೇಟರ್ ತೆಗೆದ ನಂತರ ಐಸಿಯುನಲ್ಲಿ, 1 ದಿನ ಎಚ್‌ಡಿಯುನಲ್ಲಿ ಮತ್ತು 4 ದಿನ ವಾರ್ಡಿನಲ್ಲಿ ಇದ್ದು ಮನೆಗೆ ಬಂದರೆ, ಪರಿಷ್ಕೃತ ರಾಷ್ಟ್ರೀಯ ದರದ ಪ್ರಕಾರ 45,000, 25,500, 3,300 ಮತ್ತು 8,400 ಸೇರಿ ಒಟ್ಟು 82,200 ರೂಪಾಯಿ ಆಸ್ಪತ್ರೆಗೆ ಸಲ್ಲುತ್ತದೆ, ನಿಮ್ಮ ಕುಟುಂಬದ ಆ ವರ್ಷದ 5 ಲಕ್ಷದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಈ ದಿನದ ದರದೊಳಗೆ ಹಾಸಿಗೆ, ವೈದ್ಯರ ಹಾಗೂ ಶುಶ್ರೂಷೆಯ ಶುಲ್ಕ, ಆಮ್ಲಜನಕ, ಔಷಧಿ, ರಕ್ತಪರೀಕ್ಷೆ, ಎಕ್ಸ್‌ರೇ ಮತ್ತು ರೋಗಿಯ ಊಟ ಇವೆಲ್ಲವೂ ಅಡಕವಾಗಿವೆ. ದಾಖಲಾಗುವ ಮುನ್ನ 3 ದಿನಗಳ ಪರೀಕ್ಷೆಗಳೂ ಬಿಡುಗಡೆಯಾದ ನಂತರ 15 ದಿನಗಳ ಔಷಧಿಯೂ ರಾಷ್ಟ್ರೀಯ ನಿಯಮದಂತೆ ಪ್ಯಾಕೇಜಿನ ಭಾಗವೇ. ಆದ್ದರಿಂದ ‘ಹಾಸಿಗೆ ಮಾತ್ರ ಕಾರ್ಡಿನಲ್ಲಿ, ಇಂಜೆಕ್ಷನ್ ಹೊರಗಡೆಯಿಂದ ತನ್ನಿ’ ಎಂದು ಚೀಟಿ ಬರೆದು ಕೊಟ್ಟರೆ ಅದು ನಿಯಮಕ್ಕೆ ವಿರುದ್ಧ.

ಕಾರ್ಡು ನಡೆಯುವುದಕ್ಕೆ ಎರಡು ಷರತ್ತುಗಳಿವೆ, ನಿಮ್ಮ ತೊಂದರೆ ಇವುಗಳಲ್ಲಿ ಒಂದರಿಂದ ಉಂಟಾಗಿರಬಹುದು. ಮೊದಲನೆಯದಾಗಿ ಆಸ್ಪತ್ರೆಯು, ರಾಜ್ಯದಲ್ಲಿ ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಂಡಿರಬೇಕು, ಅದೂ ಆ ಚಿಕಿತ್ಸಾ ವಿಭಾಗಕ್ಕೇ ನೋಂದಾಯಿಸಿಕೊಂಡಿರಬೇಕು. ಮೂಳೆ ಶಸ್ತ್ರಚಿಕಿತ್ಸೆಗೆ ಮಾತ್ರ ನೋಂದಾಯಿಸಿಕೊಂಡ ಆಸ್ಪತ್ರೆಯಲ್ಲಿ ನ್ಯುಮೋನಿಯಾಕ್ಕೆ ಕಾರ್ಡು ನಡೆಯುವುದಿಲ್ಲ. ಎರಡನೆಯದು ರೆಫರಲ್. ನಮ್ಮ ರಾಜ್ಯದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕೆಂಬುದು ಸಾಮಾನ್ಯ ನಿಯಮ. 2018ರಲ್ಲಿ ಗೊತ್ತುಪಡಿಸಿದ 1,650 ಚಿಕಿತ್ಸೆಗಳಲ್ಲಿ 169ನ್ನು ತುರ್ತು ಚಿಕಿತ್ಸೆಗಳೆಂದು ಗುರುತಿಸಿ ಅವುಗಳಿಗೆ ರೆಫರಲ್ ಬೇಕಿಲ್ಲವೆಂದು ಹೇಳಲಾಯಿತು. ಈಗಾಗಲೇ ಒಳಗೆ ದಾಖಲಾಗಿರುವ ರೋಗಿಯ ವಿಷಯದಲ್ಲಿ ‘ಇದು ತುರ್ತು ಚಿಕಿತ್ಸೆಯ ಪಟ್ಟಿಗೆ ಸೇರುತ್ತದೆಯೇ’ ಎಂದು ಆರೋಗ್ಯಮಿತ್ರರನ್ನು ನೇರವಾಗಿ ಕೇಳಿ. ಸೇರದಿದ್ದರೆ ಜಿಲ್ಲಾ ಆಸ್ಪತ್ರೆಯನ್ನು ಅದೇ ದಿನ ಸಂಪರ್ಕಿಸಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಸ್ಪತ್ರೆಗಳ ಹಿಂಜರಿಕೆಗೆ ಕಾರಣವೇ ಇಲ್ಲವೆಂದಲ್ಲ. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ನಮ್ಮ ರಾಜ್ಯ ಸರ್ಕಾರವೇ ಖಾಸಗಿ ಆಸ್ಪತ್ರೆಗಳ ಐಸಿಯುಗೆ ದರ ಕಟ್ಟಿದಾಗ, ಸರ್ಕಾರ ಕಳಿಸಿದ ರೋಗಿಗೆ ವೆಂಟಿಲೇಟರ್ ಸಹಿತ ದಿನಕ್ಕೆ 10,000 ರೂಪಾಯಿಯೆಂದೂ ಸ್ವಂತ ಹಣ ಕೊಡುವ ರೋಗಿಗೆ 25,000 ರೂಪಾಯಿಯೆಂದೂ ನಿಗದಿ ಮಾಡಿತ್ತು. ಅದೇ ಹಾಸಿಗೆ, ಅದೇ ಯಂತ್ರ, ಅದೇ ದಾದಿಯರಿಗೆ ಎರಡು ಬೆಲೆಗಳ ನಡುವೆ ಇಷ್ಟು ಅಂತರವಿರುವಾಗ, ಕಾರ್ಡಿನ ರೋಗಿಗೆ ಹಾಸಿಗೆ ಖಾಲಿಯಿಲ್ಲ ಎನ್ನುವ ಆಸೆ ಹುಟ್ಟುವುದು ಸಹಜ. ದರ ಸಾಲದೆಂಬುದು ಆಸ್ಪತ್ರೆ ಮತ್ತು ಸರ್ಕಾರ ಕುಳಿತು ಬಗೆಹರಿಸಿಕೊಳ್ಳಬೇಕಾದ ವಿಷಯ. ಯೋಜನೆಗೆ ಸೇರುವಾಗ ದರವನ್ನು ಒಪ್ಪಿ ಸಹಿ ಮಾಡಿದ ಮೇಲೆ ಆ ಕೊರತೆಯನ್ನು ಉಸಿರಿಗಾಗಿ ಹೋರಾಡುತ್ತಿರುವ ರೋಗಿಯ ಮನೆಯವರಿಂದ ತುಂಬಿಸಿಕೊಳ್ಳುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ನೀವು ಕಟ್ಟಿದ 50 ಸಾವಿರಕ್ಕೆ ರಸೀದಿ ಇದ್ದರೆ ಜೋಪಾನವಾಗಿಡಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ಕಾರ್ಡಿನ ಅಡಿಯಲ್ಲಿ ಪೂರ್ವಾನುಮತಿ ಸಿಕ್ಕಿದ ಅವಧಿಗೆ ಹಣ ಪಡೆದಿದ್ದರೆ ಅದನ್ನು ಹಿಂದಿರುಗಿಸುವಂತೆ ಲಿಖಿತವಾಗಿ ಕೋರಿ, ಪ್ರತಿಯನ್ನು ಟ್ರಸ್ಟ್‌ನ ಜಿಲ್ಲಾ ಸಂಯೋಜಕರಿಗೆ ಕೊಡಿ. 14555 ಎಂಬ ರಾಷ್ಟ್ರೀಯ ಸಂಖ್ಯೆಗೂ ರಾಜ್ಯದ 104 ಆರೋಗ್ಯ ಸಹಾಯವಾಣಿಗೂ ದೂರು ನೀಡಬಹುದು. ರೋಗಿ ಐಸಿಯುನಲ್ಲಿ ಇರುವಾಗಲೇ ದೂರು ಕೊಡುವುದು ಉತ್ತಮ, ಬಿಡುಗಡೆಯಾದ ಮೇಲೆ ಕೊಟ್ಟ ದೂರಿನ ಬೆನ್ನು ಹತ್ತಿ ಅಲೆಯುವುದು ಬಹಳ ಕಷ್ಟ.

ಪ್ರಶ್ನೆ: ನನ್ನ ಅಕ್ಕನಿಗೆ ಕಾರ್ಡಿನಲ್ಲಿಯೇ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ 4 ದಿನ ಐಸಿಯುನಲ್ಲಿ ಇದ್ದರು. ಶಸ್ತ್ರಚಿಕಿತ್ಸೆಗೆ ಹಣ ಬೇಡವೆಂದವರು ಐಸಿಯುನ 4 ದಿನಗಳಿಗೆ ಪ್ರತ್ಯೇಕ ಬಿಲ್ ಕೊಟ್ಟಿದ್ದಾರೆ. ದಿನಕ್ಕಿಷ್ಟು ಎಂಬ ದರ ಸರ್ಕಾರದಿಂದ ಬರುತ್ತದಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಅಕ್ಕನ ವಿಷಯದಲ್ಲಿ ದಿನದ ದರ ಬರುವುದಿಲ್ಲ, ಆದರೂ ಬಿಲ್ ಕೊಟ್ಟದ್ದು ತಪ್ಪು. ಇದು ಬಹಳ ಜನ ಎಡವುವ ಜಾಗ. ಶಸ್ತ್ರಚಿಕಿತ್ಸೆಗೆ ಸರ್ಕಾರ ಕೊಡುವುದು ಇಡಿಗಂಟು ಮೊತ್ತ. ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ, ಔಷಧಿ, ನಂತರದ ಐಸಿಯು ವಾಸ, ವಾರ್ಡಿನ ದಿನಗಳು ಎಲ್ಲವೂ ಆ ಒಂದೇ ಮೊತ್ತದಲ್ಲಿ ಸೇರಿರುತ್ತವೆ. ಬೈಪಾಸ್ ಆದವರು ಕೆಲವು ದಿನ ಐಸಿಯುನಲ್ಲಿ ಇರಲೇಬೇಕು, ಅದನ್ನು ಲೆಕ್ಕಕ್ಕೆ ಹಿಡಿದೇ ಪ್ಯಾಕೇಜಿನ ಬೆಲೆಯನ್ನು ಕಟ್ಟಲಾಗಿರುತ್ತದೆ. ಆದ್ದರಿಂದ ಆಸ್ಪತ್ರೆಯು ಆ 4 ದಿನಗಳಿಗೆ ಸರ್ಕಾರದಿಂದ ಬೇರೆಯಾಗಿ ಕೇಳುವಂತಿಲ್ಲ, ನಿಮ್ಮಿಂದಲೂ ಕೇಳುವಂತಿಲ್ಲ. ಒಂದೇ ಸಲಕ್ಕೆ ಎರಡು ಮೂರು ಶಸ್ತ್ರಚಿಕಿತ್ಸೆಗಳಾದರೆ ಮೊದಲನೆಯದಕ್ಕೆ ಪೂರ್ತಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು ಭಾಗದ ಹಣ ಸಲ್ಲುವ ನಿಯಮವಿದೆ.

ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ನಂತರ ನಂಜೇರಿ, ಮೂತ್ರಪಿಂಡ ಕೈಕೊಟ್ಟು ರೋಗಿ ವಾರಗಟ್ಟಲೆ ಐಸಿಯುನಲ್ಲಿ ಉಳಿಯುವುದುಂಟು. ಆಗ ಇಡಿಗಂಟು ಸಾಲದೆಂದು ಆಸ್ಪತ್ರೆಗೆ ಅನಿಸಿದರೆ, ವೈದ್ಯಕೀಯ ದಾಖಲೆಗಳನ್ನಿಟ್ಟು ಟ್ರಸ್ಟ್‌ನ ಮುಂದೆ ಕೇಳಬೇಕಾದವರು ಆಸ್ಪತ್ರೆಯವರೇ. ‘ಸರ್ಕಾರದವರು ಒಪ್ಪಲಿಲ್ಲ, ನೀವೇ ಕಟ್ಟಿ’ ಎಂದು ಹೇಳಿದರೆ, ಅವರು ಕೇಳಿದ್ದಕ್ಕೂ ಟ್ರಸ್ಟ್ ನಿರಾಕರಿಸಿದ್ದಕ್ಕೂ ಪ್ರತಿ ತೋರಿಸಿರೆಂದು ವಿನಯದಿಂದಲೇ ಕೇಳಿ.

ಪ್ರಶ್ನೆ: ನಾವು ಎಪಿಎಲ್ ಕುಟುಂಬದವರು. ಸಣ್ಣ ಅಂಗಡಿಯ ಆದಾಯದಲ್ಲಿ ಬದುಕುತ್ತೇವೆ. ನಮಗೇನೂ ಸಿಗುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಿಗುತ್ತದೆ, ಆದರೆ ಕಡಿಮೆ. ‘ಸಾಮಾನ್ಯ ರೋಗಿ’ ಎಂಬ ವರ್ಗದಲ್ಲಿ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಕುಟುಂಬವೊಂದಕ್ಕೆ 1.5 ಲಕ್ಷ ರೂಪಾಯಿ ಗರಿಷ್ಠ ಮಿತಿ. ಗಮನಿಸಿ, ಶೇ 30 ಎಂದರೆ ಖಾಸಗಿ ಆಸ್ಪತ್ರೆಯ ಮಾಮೂಲು ಬಿಲ್ಲಿನ ಶೇ 30 ಅಲ್ಲ, ಸರ್ಕಾರದ ಪ್ಯಾಕೇಜ್ ದರದ ಶೇ 30. ಮೇಲೆ ಹೇಳಿದ ರಾಷ್ಟ್ರೀಯ ದರವನ್ನೇ ಹಿಡಿದರೆ, 10 ದಿನ ವೆಂಟಿಲೇಟರ್ ಮೇಲಿದ್ದ ರೋಗಿಗೆ 90,000 ರೂಪಾಯಿಯಲ್ಲಿ 27,000 ಮಾತ್ರ ಸರ್ಕಾರದಿಂದ ಬರುತ್ತದೆ. ದಿನಕ್ಕೆ ಹತ್ತಾರು ಸಾವಿರ ಏರುವ ಬಿಲ್ಲಿನ ಮುಂದೆ ಇದು ಸಣ್ಣ ಆಸರೆ. ಅಂಗಡಿಯವರು, ಗುತ್ತಿಗೆ ನೌಕರರು, ಬಾಡಿಗೆ ಮನೆಯಲ್ಲಿರುವ ಶಿಕ್ಷಕರು ಒಂದೇ ಕಾಯಿಲೆಗೆ ಬಡತನಕ್ಕೆ ಬೀಳುವುದನ್ನು ಕಂಡಾಗ, ಈ ವರ್ಗದವರಿಗೆ ಐಸಿಯು ಮಟ್ಟಿಗಾದರೂ ಹೆಚ್ಚಿನ ರಕ್ಷಣೆ ಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ದಾರಿಗಳೆಂದರೆ, ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ ಸರ್ಕಾರಿ ಅಥವಾ ಸ್ವಾಯತ್ತ ಆಸ್ಪತ್ರೆಯನ್ನು ಆರಿಸುವುದು. ಹೃದಯದ ಕಾಯಿಲೆಗೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಸಂಸ್ಥೆ, ತಲೆಪೆಟ್ಟಿಗೆ ನಿಮ್ಹಾನ್ಸ್, ಉಳಿದ ಕಾಯಿಲೆಗಳಿಗೆ ನಿಮ್ಮ ಊರಿನಲ್ಲಿಯೇ ಇರುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಮೊದಲು ನೆನೆಯಿರಿ. ನೀವು ಸಹಕಾರ ಸಂಘವೊಂದರ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯನ್ನೂ ವಿಚಾರಿಸಿ. 2018ರಲ್ಲಿ ನಿಂತುಹೋಗಿದ್ದ ಅದು 2022–23ರಲ್ಲಿ ಮತ್ತೆ ಆರಂಭವಾಗಿದೆ, ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿಯಿದೆ. ಆದರೆ ನೋಂದಣಿಯ ಅವಧಿ ಮುಗಿದ ಮೇಲೆ, ಕಾಯಿಲೆ ಬಂದ ದಿನ ಓಡಿಹೋಗಿ ಸೇರಲು ಆಗುವುದಿಲ್ಲ.

ಪ್ರಶ್ನೆ: ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಗಿದೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮಗುವಿನ ಹೆಸರಿನಲ್ಲಿ ಕಾರ್ಡೇ ಇಲ್ಲವಲ್ಲ, ಏನು ಮಾಡುವುದು?
– ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ನವಜಾತ ಶಿಶುವಿಗೆ ಪ್ರತ್ಯೇಕ ಕಾರ್ಡು ಬೇಕಾಗಿಲ್ಲ, ತಾಯಿಯ ಅಥವಾ ತಂದೆಯ ಕಾರ್ಡಿನ ಮೇಲೆಯೇ ಚಿಕಿತ್ಸೆ ದೊರೆಯುತ್ತದೆ. ಮಗುವಿನ ಆರೈಕೆಗೂ ದಿನದ ಲೆಕ್ಕವೇ, ಮಗುವಿಗೆ ಯಾವ ಮಟ್ಟದ ಆರೈಕೆ ಬೇಕು ಎಂಬುದರ ಮೇಲೆ ದರ ಏರುತ್ತದೆ. ಮಗು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿದ್ದರೆ ಕಾರ್ಡಿನ ಚಿಂತೆಯೂ ಬೇಡ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ಶಿಶುವಿಗೆ ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ. ದಿನ ತುಂಬದೆ ಹುಟ್ಟಿದ ಮಗು ಹಲವು ವಾರ ಒಳಗಿರಬೇಕಾಗುವುದರಿಂದ, ಖಾಸಗಿ ಆಸ್ಪತ್ರೆಯಲ್ಲಿ ಕುಟುಂಬದ 5 ಲಕ್ಷ ಬೇಗ ಕರಗಬಹುದು. ಮಗು ಸ್ಥಿರವಾದ ಮೇಲೆ ಜಿಲ್ಲಾ ಆಸ್ಪತ್ರೆಗೆ ಸಾಗಿಸಬಹುದೇ ಎಂದು ಮಕ್ಕಳ ವೈದ್ಯರನ್ನು ಕೇಳಲು ಸಂಕೋಚಪಡಬೇಡಿ.

ಪ್ರಶ್ನೆ: ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಅಪರಿಚಿತ ಯುವಕನನ್ನು ನಾವು ಮೂವರು ಸೇರಿ ಆಸ್ಪತ್ರೆಗೆ ಸೇರಿಸಿದೆವು. ಆತನ ಬಳಿ ಯಾವ ಕಾರ್ಡೂ ಇರಲಿಲ್ಲ. ಇಂಥವರ ಐಸಿಯು ಖರ್ಚು ಯಾರದು?
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ನೀವು ಮೂವರೂ ಮಾಡಿದ್ದು ದೊಡ್ಡ ಕೆಲಸ. ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ.

ಗಾಯಾಳುವಿನ ಖರ್ಚಿನ ಬಗ್ಗೆ ಹೇಳುವುದಾದರೆ, ಕರ್ನಾಟಕಕ್ಕೆ ಇದರಲ್ಲಿ ಒಂದು ಹಿನ್ನೆಲೆಯಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ತುಂಡಾಗಿದ್ದ ಹರೀಶ್ ಎಂಬ ಯುವಕ, ಪ್ರಾಣ ಹೋಗುವ ಮುನ್ನ ತನ್ನ ಕಣ್ಣುಗಳನ್ನು ದಾನಮಾಡುವಂತೆ ಬೇಡಿಕೊಂಡಿದ್ದು ನಾಡಿನ ಮನಸ್ಸನ್ನು ಕಲಕಿತ್ತು. ಅವರ ಹೆಸರಿನಲ್ಲಿ ಬಂದ ಸಾಂತ್ವನ ಹರೀಶ್ ಯೋಜನೆಯು, ರಾಜ್ಯದೊಳಗೆ ಅಪಘಾತಕ್ಕೀಡಾದ ಯಾರಿಗೇ ಆಗಲಿ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಿತು. ಗಾಯಾಳು ಯಾವ ಊರಿನವನು, ಯಾವ ಕಾರ್ಡಿನವನು ಎಂದು ಅದು ಕೇಳಲಿಲ್ಲ. 2025ರ ಮೇ 5ರಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯು ಅದೇ ತತ್ವವನ್ನು ದೇಶಕ್ಕೆಲ್ಲ ವಿಸ್ತರಿಸಿದೆ. ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಅಪಘಾತವಾದರೂ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಗಾಯಾಳು ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ 7 ದಿನಗಳ ಮಟ್ಟಿಗೆ, ಚಿಕಿತ್ಸೆ ದೊರೆಯುತ್ತದೆ. ಅಪಘಾತವನ್ನು ಪೊಲೀಸರು ದೃಢಪಡಿಸಬೇಕಾಗುವುದರಿಂದ 112ಕ್ಕೆ ಕೂಡಲೇ ಕರೆ ಮಾಡುವುದು ಬಹಳ ಮುಖ್ಯ.

ತಲೆಗೆ ಪೆಟ್ಟಾದವರು 7 ದಿನಗಳಲ್ಲಿ ಐಸಿಯುನಿಂದ ಹೊರಬರದಿರುವುದು ಸಾಮಾನ್ಯ. ಆದ್ದರಿಂದ ಮನೆಯವರು ಸಿಕ್ಕ ಕೂಡಲೇ ಪಡಿತರ ಚೀಟಿ ಅಥವಾ ಆಯುಷ್ಮಾನ್ ಕಾರ್ಡನ್ನು ತರಿಸಿ ಆರೋಗ್ಯಮಿತ್ರರಿಗೆ ಕೊಟ್ಟರೆ, 7 ದಿನ ಮುಗಿದ ಮೇಲೆ ಮುಂದಿನ ಚಿಕಿತ್ಸೆಯನ್ನು ಆ ಯೋಜನೆಯಡಿ ಮುಂದುವರಿಸಲು ಕೇಳಬಹುದು. ಸಂಬಳದಿಂದ ಇಎಸ್‌ಐ ಕಡಿತವಾಗುವವರಾಗಿದ್ದರೆ ಇಎಸ್‌ಐ ಆಸ್ಪತ್ರೆಗೆ ತಿಳಿಸಬೇಕು.

ಪ್ರಶ್ನೆ: ನಮ್ಮ ಅಮ್ಮನಿಗೆ 81 ವರ್ಷ. ಮೂರು ವಾರದಿಂದ ವೆಂಟಿಲೇಟರ್ ಮೇಲೆ ಇದ್ದಾರೆ, ಪ್ರಜ್ಞೆ ಇಲ್ಲ. ಚೇತರಿಕೆಯ ಲಕ್ಷಣವಿಲ್ಲವೆಂದು ವೈದ್ಯರು ಹೇಳಿದ್ದಾರೆ. ಕಾರ್ಡಿನ ಹಣ ಮುಗಿಯುತ್ತಾ ಬಂದಿದೆ. ಯಂತ್ರ ತೆಗೆಯಿರಿ ಎಂದು ಹೇಳಿದರೆ ಪಾಪವೇ, ಅಪರಾಧವೇ? ಬಾಕಿ ಉಳಿದರೆ ಅಮ್ಮನ ದೇಹವನ್ನು ಕೊಡುವುದಿಲ್ಲವೇನೋ ಎಂಬ ಭಯವೂ ಕಾಡುತ್ತಿದೆ.
– ಓದುಗರೊಬ್ಬರು, ಉತ್ತರ ಕನ್ನಡ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಪಾಪದ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನನಗಿಲ್ಲ. ತಾಯಿಯನ್ನು ಮೂರು ವಾರ ಕಾದವರಿಗೆ ಅದನ್ನು ಹೊರಗಿನವರು ಹೇಳಬೇಕಾಗಿಯೂ ಇಲ್ಲ. ಕಾನೂನಿನ ಮಟ್ಟಿಗೆ, ಗೊತ್ತುಪಡಿಸಿದ ಕ್ರಮದಲ್ಲಿ ನಡೆದರೆ ಅದು ಅಪರಾಧವಲ್ಲ. ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪು ನೀಡಿತು, 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿಯೂ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬರನ್ನು ಒಳಗೊಂಡ ಇನ್ನೊಂದು ಮೂವರ ಮಂಡಳಿಯೂ ಚೇತರಿಕೆ ಸಾಧ್ಯವಿಲ್ಲವೆಂದು ಒಪ್ಪಿ, ಹತ್ತಿರದ ಬಂಧುಗಳು ಸಮ್ಮತಿಸಿ, ಮ್ಯಾಜಿಸ್ಟ್ರೇಟರಿಗೆ ಪ್ರತಿ ಕಳುಹಿಸಿದ ಮೇಲೆ ಜೀವಾಧಾರ ಯಂತ್ರವನ್ನು ಹಿಂತೆಗೆಯಬಹುದು. ಹಾಗೆ ಮಾಡಿದ ಮೇಲೂ ಅಮ್ಮನಿಗೆ ನೋವು, ಉಬ್ಬಸ ಆಗದಂತೆ ಔಷಧಿ ಕೊಡುತ್ತಲೇ ಇರಬೇಕು.

ಹಣ ಮುಗಿಯುತ್ತಿದೆ ಎಂಬ ಕಾರಣಕ್ಕೆ ಈ ತೀರ್ಮಾನವನ್ನು ತೆಗೆದುಕೊಳ್ಳಬೇಡಿ, ವೈದ್ಯರ ಅಭಿಪ್ರಾಯ ಮತ್ತು ಅಮ್ಮನ ಮನಸ್ಸು ನಿಮಗೆ ಗೊತ್ತಿರುವಷ್ಟು, ಇವೆರಡೇ ಆಧಾರವಾಗಿರಲಿ. 5 ಲಕ್ಷ ಮುಗಿದರೆ ಸರ್ಕಾರಿ ಆಸ್ಪತ್ರೆಯ ಐಸಿಯುಗೆ ಸಾಗಿಸಲು ಕೋರಬಹುದು, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ಪಟ್ಟಿಯೊಂದಿಗೆ ಅರ್ಜಿ ಹಾಕಬಹುದು. ಎಷ್ಟು ಉಳಿದಿದೆ ಎಂಬುದನ್ನು ಆರೋಗ್ಯಮಿತ್ರರು ಗಣಕದಲ್ಲಿ ನೋಡಿ ಹೇಳಬಲ್ಲರು, ಬಾಯಿಮಾತಿನ ಲೆಕ್ಕವನ್ನು ನಂಬಬೇಡಿ.

ದೇಹದ ಬಗೆಗಿನ ಭಯವನ್ನು ಬಿಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಬಾಕಿ ಕಟ್ಟಿಲ್ಲವೆಂಬ ಕಾರಣಕ್ಕೆ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಅದನ್ನು ತಕ್ಷಣ ಒಪ್ಪಿಸಿ, ಬಾಕಿಯಿದ್ದರೆ ಮುಂದೆ ವಸೂಲಿಗೆ ಪ್ರಯತ್ನಿಸಬೇಕು. ಯಾರಾದರೂ ತಡೆದರೆ ಜಿಲ್ಲಾಧಿಕಾರಿಗಳ ಕಚೇರಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಆಗಲೇ ಫೋನ್ ಮಾಡಿ. ಆ ಕಾಯ್ದೆಯಡಿ ದೂರುಗಳನ್ನು ಕೇಳುವ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಈ ಕರೆಯನ್ನು ಮಾಡಲು ಮನೆಯವರಲ್ಲಿ ಅಥವಾ ನೆರೆಹೊರೆಯಲ್ಲಿ ಗಟ್ಟಿ ಮನಸ್ಸಿನ ಒಬ್ಬರಿಗೆ ಈಗಲೇ ಹೇಳಿಟ್ಟು, ನೀವು ಅಮ್ಮನ ಬಳಿ ಇರಿ.